ಮಣಿಯ ಲೆಕ್ಕ, ಮೈಯ ಲೆಕ್ಕ

ಹೈದರಾಬಾದಿನ ಬಾಲಾನಗರದವರಿಗೆ ಔಷಧವೆಂಬುದು ನೆಲೆಯ ಚರಿತ್ರೆಯೊಡನೆ ಹೆಣೆದುಕೊಂಡ ವಸ್ತು. 1961ರಲ್ಲಿ ಸ್ಥಾಪಿತವಾದ ಸರಕಾರೀ ಸಂಸ್ಥೆ ಐಡಿಪಿಎಲ್ ಸೋವಿಯತ್ ಒಕ್ಕೂಟದ ನೆರವಿನಿಂದ ಇಲ್ಲಿ ಕಟ್ಟಿದ ಕಾರ್ಖಾನೆ ನಿಂತುಹೋಗಿ ಬಹುಕಾಲ ಸಂದಿದ್ದರೂ, ಅದರ ಹೆಸರು ಬಡಾವಣೆಗೂ ದಾರಿಗಳು ಕೂಡುವ ವೃತ್ತಕ್ಕೂ ಅಂಟಿಕೊಂಡೇ ಉಳಿದಿದೆ. ಈಚೆಗೆ ಇಲ್ಲಿಯ ಔಷಧದಂಗಡಿಗಳಲ್ಲಿ ದೊರೆಯುವ ಒಂದು ಪುಟ್ಟ ಪಟ್ಟಿ, ಮೂತ್ರದ ಕೆಲವೇ ಹನಿಗಳಿಂದ ಹೆಣ್ಣಿನ ದೇಹದೊಳಗಣ ಹಾರ್ಮೋನಿನ ಏರಿಕೆಯನ್ನು ಎರಡು ಗೆರೆಗಳಲ್ಲಿ ಬರೆದು ತೋರಿಸುವಂಥದು, ನನ್ನ ಮನಸ್ಸನ್ನು ಪ್ರತಿಸಲವೂ ಕನ್ನಡನಾಡಿನ ರಾಮನಗರಕ್ಕೆ ಕೊಂಡೊಯ್ಯುತ್ತದೆ; ಏಕೆಂದರೆ ಋತುಚಕ್ರದ ದಿನಗಳನ್ನೆಣಿಸಿ ಸಂತಾನವನ್ನು ಮಿತಗೊಳಿಸುವ ಮಾರ್ಗವನ್ನು ಸ್ವತಂತ್ರ ಭಾರತ ಮೊತ್ತಮೊದಲು ಪರೀಕ್ಷಿಸಿದ ಎರಡು ನೆಲೆಗಳಲ್ಲಿ ದಿಲ್ಲಿಯ ಲೋದಿ ಕಾಲೊನಿ ಒಂದಾದರೆ, ಮತ್ತೊಂದು, ಹಿಂದೆ ಕ್ಲೋಸ್‌ಪೇಟೆಯೆನಿಸಿದ್ದ ಆ ರೇಷ್ಮೆಯ ಊರು.

ದಿನಗಳ ಎಣಿಕೆಯೇನೋ ನಮ್ಮಲ್ಲಿ ಪುರಾತನವಾದುದು. ಮನುಸ್ಮೃತಿ ರಜೋದರ್ಶನದಿಂದ 16 ರಾತ್ರಿಗಳನ್ನು ಋತುಕಾಲವೆಂದು ಗಣಿಸಿ, ಅವುಗಳಲ್ಲಿ ಮೊದಲ ನಾಲ್ಕನ್ನು ವರ್ಜ್ಯವೆಂದಿತು. ಅಲ್ಲಿಯ ಉದ್ದೇಶ ಸಂತಾನಪ್ರಾಪ್ತಿಯೇ ಹೊರತು ಅದರ ನಿರೋಧವಲ್ಲವಾದರೂ, ಹತ್ತೊಂಬತ್ತನೆಯ ಶತಮಾನದ ಯೂರೋಪಿನ ಅನೇಕ ವೈದ್ಯರು ಎರಡು ಮುಟ್ಟುಗಳ ನಡುವಣ ದಿನಗಳೇ ನಿರಪಾಯವೆಂದು ನಂಬಿ ಬೋಧಿಸುತ್ತಿದ್ದುದನ್ನು ನೆನೆದರೆ, ಈ ಹಳೆಯ ಎಣಿಕೆ ಸತ್ಯಕ್ಕೆ ಎಷ್ಟೋ ಸಮೀಪದ್ದೆನ್ನಬೇಕು. ಯೂರೋಪಿನ ಆ ಭ್ರಮೆಯನ್ನು ಹರಿದವರು ಜಪಾನಿನ ವೈದ್ಯ ಓಗಿನೋ ಮತ್ತು ಆಸ್ಟ್ರಿಯದ ವೈದ್ಯ ಕ್ನಾಸ್. ಅಂಡವು ಹೊರಬೀಳುವುದು ಮುಂದಣ ಮುಟ್ಟಿಗೆ ಸುಮಾರು 14 ದಿನ ಮುಂಚೆ ಎಂಬುದನ್ನು 1920ರ ದಶಕದಲ್ಲಿ ಇವರಿಬ್ಬರೂ ಬೇರೆಬೇರೆಯಾಗಿ ಕಂಡುಕೊಂಡರು. ಆದರೆ ಮುಂದಣ ಮುಟ್ಟು ಎಂದು ಬಂದೀತೆಂಬುದನ್ನು ಮೊದಲೇ ಬಲ್ಲವರಾರು? ಇನ್ನೂ ಬಾರದ ದಿನದಿಂದ ಹಿಂದಕ್ಕೆ ಎಣಿಸಬೇಕಾದ ಈ ತೊಡಕನ್ನು ಕ್ಯಾಲೆಂಡರಿನ ಯಾವ ಚಮತ್ಕಾರವೂ ಬಿಡಿಸಲಾರದಾಯಿತು.

ರಾಮನಗರವಿದ್ದ ಮೈಸೂರು ಸಂಸ್ಥಾನ 1930ರಷ್ಟು ಹಿಂದೆಯೇ ಸರಕಾರದ ವತಿಯಿಂದ ಸಂತಾನನಿಯಂತ್ರಣ ಚಿಕಿತ್ಸಾಲಯಗಳನ್ನು ತೆರೆಯಲು ಆಜ್ಞೆ ಹೊರಡಿಸಿತ್ತು. ಅಂಥ ನಾಡಿನಲ್ಲಿಯೂ ಸ್ವಾತಂತ್ರ್ಯಾನಂತರದ ಪ್ರಯೋಗಕ್ಕೆ ಬೇರಾವ ಸಾಧನವನ್ನೂ ಆರಿಸದೆ ದಿನಗಣನೆಯನ್ನೇ ಆರಿಸಿದ್ದಕ್ಕೆ ಕಾರಣ, ಕೇಂದ್ರದ ಆರೋಗ್ಯ ಸಚಿವೆಯಾಗಿದ್ದ ರಾಜಕುಮಾರಿ ಅಮೃತ ಕೌರ್ ಅವರ ಗಾಂಧೀನಿಷ್ಠೆ. 1935ರಲ್ಲಿ ತಮ್ಮನ್ನು ಕಾಣಬಂದ, ಸಂತಾನನಿಯಂತ್ರಣದ ಪ್ರಚಾರಕಿ ಮಾರ್ಗರೆಟ್ ಸ್ಯಾಂಗರ್ ಅವರೊಡನೆ ಕೃತಕ ಸಾಧನಗಳನ್ನೆಲ್ಲ ನಿರಾಕರಿಸಿ ವಾದಿಸಿದ ಗಾಂಧೀಜಿ, ಸುರಕ್ಷಿತ ದಿನಗಳ ಮಾರ್ಗ ಉಳಿದವುಗಳಷ್ಟು ತಮಗೆ ಅಪ್ರಿಯವಲ್ಲವೆಂದಿದ್ದರು. ಅದರಲ್ಲಿ ಸಂಯಮಕ್ಕೆ ಸ್ಥಾನವಿತ್ತಷ್ಟೆ. ವಿಶ್ವ ಆರೋಗ್ಯ ಸಂಸ್ಥೆಯ ಪರವಾಗಿ 1951ರಲ್ಲಿ ಭಾರತಕ್ಕೆ ಬಂದ ಅಮೆರಿಕದ ವೈದ್ಯ ಅಬ್ರಹಾಂ ಸ್ಟೋನ್, ಓದುಬರಹವಿಲ್ಲದ ಹೆಂಗಸರಿಗೆ ಅನುಕೂಲವಾಗಲೆಂದು 28 ಮಣಿಗಳ ಮಾಲೆಯೊಂದನ್ನು ಕಲ್ಪಿಸಿದರು. ದಿನಕ್ಕೊಂದು ಮಣಿ ಸರಿಸಬೇಕು. ಹಸಿರು ಬಂದರೆ ಭಯವಿಲ್ಲ, ಕೆಂಪು ಬಂದರೆ ದಂಪತಿಗಳು ದೂರವಿರಬೇಕು.

ಪ್ರಯೋಗ ಫಲಿಸಲಿಲ್ಲ. ಕಲಿಯಲೊಪ್ಪಿದವರು ಅನೇಕರು, ನಡೆಸಿಕೊಂಡು ಹೋದವರು ಕೆಲವರು. ಮಾಲೆ ಕೊರಳಲ್ಲಿದ್ದರೆ ಸಾಕೆಂದು ನಂಬಿದವರು, ಕೆಂಪನ್ನೆಲ್ಲ ಒಂದೇ ಸಾರಿಗೆ ಸರಿಸಿ ಹಸಿರಿಗೆ ಬಂದವರು ಎಂಬಿತ್ಯಾದಿ ಕಥೆಗಳು ಅಂದಿನಿಂದಲೂ ನಗೆಯ ಮಾತಾಗಿ ದೇಶವಿದೇಶಗಳಲ್ಲಿ ಸುತ್ತುತ್ತ ಬಂದಿವೆ. ಈ ನಗೆ ನನಗೆ ನೋವುಂಟುಮಾಡುತ್ತದೆ. ಹೊರಗಾದ ದಿನ, ನಾಲ್ಕನೆಯ ದಿನದ ಸ್ನಾನ, ಇವು ಮನೆಮಂದಿಗೆಲ್ಲ ತಿಳಿದಿರುತ್ತಿದ್ದ ಕಾಲದ ಹೆಂಗಸಿಗೆ ದಿನವೆಣಿಸುವುದನ್ನು ಮಣಿಗಳು ಬಂದು ಕಲಿಸಬೇಕಾಗಿತ್ತೆ? ರೇಷ್ಮೆಯ ಸೀಮೆಯ ಹೆಣ್ಣುಮಕ್ಕಳು ಹುಳು ಪೊರೆ ಬಿಡುವ ನಾಲ್ಕು ‘ಜ್ವರ’ಗಳನ್ನು ಒಂದೊಂದಾಗಿ ಲೆಕ್ಕವಿಟ್ಟು, ಹಗಲೂ ಇರುಳೂ ಸೊಪ್ಪು ಹಾಕಿ, ಹುಳು ಹಣ್ಣಾಗುತ್ತಲೇ ಚಂದ್ರಿಕೆಗೆ ಬಿಡುವವರು. ಚಳಿಯಿದ್ದರೆ ಒಂದೆರಡು ದಿನ ತಡವಾದೀತೆಂದು ಬಲ್ಲ ಅವರು ದಿನದ ಲೆಕ್ಕವನ್ನು ಬದಿಗಿರಿಸಿ ಹುಳುವಿನ ಮೈಯನ್ನೇ ನೋಡಿ ನಿರ್ಣಯಿಸುವವರು. ಹೀಗೆ ಮೈಯನ್ನು ನೋಡಲಾರದುದೇ ಮಾಲೆಯಲ್ಲಿದ್ದ ಕೊರತೆ. ಹೆರಿಗೆ, ಮೊಲೆಯೂಡಿಕೆ, ಜ್ವರ, ಚಿಂತೆ, ಇವುಗಳಲ್ಲಿ ಯಾವುದರಿಂದಲಾದರೂ ಹಿಂದುಮುಂದಾಗುವ ಚಕ್ರವನ್ನು ಮಣಿಗಳ ಸಂಖ್ಯೆ ಅರಿಯದು. ಕೆಂಪು ಮಣಿಯ ರಾತ್ರಿ ಗಂಡನೂ ಅದಕ್ಕೆ ಮಣಿಯಬೇಕೆಂಬುದನ್ನು ಮಾಲೆಯನ್ನು ಹೆಂಡತಿಯ ಕೊರಳಿಗೆ ಮಾತ್ರ ಕಟ್ಟಿ ಕಳುಹಿಸಿದವರು ಎಣಿಸಿರಲಿಲ್ಲ.

ಮೈಯನ್ನೇ ಕೇಳುವ ವಿದ್ಯೆ ಬೇರೆಡೆಗಳಲ್ಲಿ ಬೆಳೆಯುತ್ತಿತ್ತು. ಎಡಿನ್‌ಬರೋದಲ್ಲಿ ವಿಜ್ಞಾನಿ ಜೇಮ್ಸ್ ಬ್ರೌನ್ 1955ರಲ್ಲಿ ಮೂತ್ರದಲ್ಲಿನ ಈಸ್ಟ್ರೊಜನ್ನನ್ನು ಅಳೆಯುವ ಕ್ರಮವನ್ನು ಪ್ರಕಟಿಸಿದರು. ಮೆಲ್ಬರ್ನಿನ ವೈದ್ಯರಾದ ಬಿಲ್ಲಿಂಗ್ಸ್ ದಂಪತಿಗಳು ಹೆಂಗಸರು ತಾವೇ ಗಮನಿಸಬಲ್ಲ ಗರ್ಭಕಂಠದ ಸ್ರಾವದ ಲಕ್ಷಣಗಳಿಂದ ಫಲವತ್ತಾದ ದಿನಗಳನ್ನು ಗುರುತಿಸುವುದನ್ನು ಕಲಿಸುತ್ತಿದ್ದರು; ಮುಂದೆ ಅದೇ ನಗರಕ್ಕೆ ಬಂದ ಬ್ರೌನ್, ಆ ಲಕ್ಷಣಗಳನ್ನು ಹಾರ್ಮೋನಿನ ಅಳತೆಯೊಡನೆ ಸರಿತೂಗಿ ನೋಡಿ, ಮನೆಯಲ್ಲಿಯೇ ಬಳಸಬಹುದಾದ ಅಳತೆಯ ಯಂತ್ರವೊಂದನ್ನು ರೂಪಿಸಲು ದಶಕಗಳನ್ನೇ ವ್ಯಯಿಸಿದರು. 1996ರಲ್ಲಿ ಬ್ರಿಟನ್ನಿನ ಅಂಗಡಿಗಳಿಗೆ ಮೂತ್ರದ ಹಾರ್ಮೋನುಗಳನ್ನು ಅಳೆಯುವ ಪರ್ಸೋನ ಎಂಬ ಕೈಯಂತ್ರ ಬಂದಿತು. 1999ರಿಂದ ಅಮೆರಿಕದ ಮಾರ್ಕೆಟ್ ವಿಶ್ವವಿದ್ಯಾಲಯದ ಶಿಕ್ಷಕರು ಅಂಥದೇ ಯಂತ್ರವನ್ನು ಅವಲಂಬಿಸಿದ ಕ್ರಮವನ್ನು ಬೋಧಿಸತೊಡಗಿದರು.

ಮಣಿಯೂ ಮರಳಿ ಬಂದಿತು. ವಾಷಿಂಗ್ಟನ್ನಿನ ಜಾರ್ಜ್‌ಟೌನ್ ವಿಶ್ವವಿದ್ಯಾಲಯದವರು ರೂಪಿಸಿದ, ನಮ್ಮ ಜಾರ್ಖಂಡದಲ್ಲಿ ಮಾಲಾ ಚಕ್ರವೆಂದು ಕರೆಯಿಸಿಕೊಂಡ 32 ಮಣಿಗಳ ಸರದಲ್ಲಿ, 8ರಿಂದ 19ರವರೆಗಿನ 12 ದಿನಗಳು ಬಿಳಿಯವು, ಎಂದರೆ ಗರ್ಭ ನಿಲ್ಲಬಹುದಾದವು. ಚಕ್ರ 26ರಿಂದ 32 ದಿನಗಳೊಳಗೆ ಇರುವವರಿಗೆ ಮಾತ್ರ ಇದು ಸಲ್ಲುವುದೆಂದು ಮೊದಲೇ ಹೇಳಿರುವುದರಿಂದ, ಈ ಸರ ರಾಮನಗರದ ಸರಕ್ಕಿಂತ ಪ್ರಾಮಾಣಿಕವಾದುದೆಂದು ನಾನು ಭಾವಿಸುತ್ತೇನೆ.

ಬಾಲಾನಗರದ ಅಂಗಡಿಯ ಪಟ್ಟಿಯಾದರೋ ಎಲ್‌ಎಚ್ ಎಂಬ ಒಂದೇ ಹಾರ್ಮೋನನ್ನು ಬಲ್ಲುದು. ಅದರ ಏರಿಕೆ ಕಾಣುವುದು ಅಂಡ ಹೊರಬೀಳುವುದಕ್ಕೆ ಒಂದು ದಿನ, ಹೆಚ್ಚೆಂದರೆ ಒಂದೂವರೆ ದಿನ ಮುಂಚೆ. ಪುರುಷಬೀಜವೋ ಹೆಣ್ಣಿನ ದೇಹದಲ್ಲಿ ಐದು ದಿನಗಳವರೆಗೂ ಜೀವ ಹಿಡಿದಿರಬಲ್ಲುದು. ಆದುದರಿಂದ ಮಗುವನ್ನು ಬಯಸುವವಳಿಗೆ ಸಕಾಲದಲ್ಲಿ ಒದಗುವ ಆ ಎರಡನೆಯ ಗೆರೆ, ಮಗುವನ್ನು ಮುಂದೂಡಬಯಸುವವಳ ಪಾಲಿಗೆ ತಡವಾಗಿ ಬಂದ ವಾರ್ತೆ. ಮುಂಚೆಯೇ ಎಚ್ಚರಿಸಬಲ್ಲ ಈಸ್ಟ್ರೊಜನ್ನಿನ ಅಳತೆಯನ್ನು ಅವಳು ಬೇರೆಲ್ಲಿಯಾದರೂ ಹುಡುಕಬೇಕು.