ಕಿಡ್ನಿ ಕಾಯುವ ಎರಡು ಕೊಕ್ಕೆಯ ನಳಿಕೆ

'ಸ್ಟೆಂಟ್' ಎಂದೊಡನೆ ಎಲ್ಲರಿಗೂ ನೆನಪಾಗುವುದು ಹೃದಯ. ಆದರೆ ಹೃದಯದ ರಕ್ತನಾಳಕ್ಕೆ ಮೊದಲ ಸ್ಟೆಂಟ್ ಹಾಕಿದ್ದು 1986ರಲ್ಲಿ. ಅದಕ್ಕೂ ಎಂಟು ವರ್ಷ ಮೊದಲೇ ಮೂತ್ರನಾಳದ ಸ್ಟೆಂಟ್ ಇಂದಿನ ರೂಪ ಪಡೆದಿತ್ತು. ಯರಗಟ್ಟಿ ಕಡೆಯ ಹಿರಿಯರೊಬ್ಬರು ಬೆಳಗಾವಿಯಿಂದಲೋ ಹುಬ್ಬಳ್ಳಿಯಿಂದಲೋ ತಂದ ಆಸ್ಪತ್ರೆಯ ಚೀಟಿಯಲ್ಲಿ 'ಡಿ.ಜೆ. ಸ್ಟೆಂಟ್' ಎಂದಿದ್ದರೆ, ಅದು ಇದೇ.

ಮೂತ್ರಪಿಂಡದಿಂದ ಮೂತ್ರಕೋಶಕ್ಕೆ ಮೂತ್ರ ಸಾಗಿಸುವ ನಾಳದ ಉದ್ದ ಸುಮಾರು 25 ಸೆಂಟಿಮೀಟರ್. ಒಳಗಿನ ಅಗಲ ಮೂರ‍್ನಾಲ್ಕು ಮಿಲಿಮೀಟರ್ ಮಾತ್ರ. ಮಲಪ್ರಭೆಯ ಕಾಲುವೆ ಕಂಡ ಸವದತ್ತಿ, ರಾಮದುರ್ಗ ಭಾಗದ ರೈತರಿಗೆ ಮುಂದಿನದನ್ನು ಬಿಡಿಸಿ ಹೇಳಬೇಕಿಲ್ಲ. ಕಾಲುವೆ ಕೆಳಗೆ ಕಟ್ಟಿಕೊಂಡರೆ ನೀರು ಹಿಂದಕ್ಕೆ ಒತ್ತುತ್ತದೆ. ಇಲ್ಲಿಯೂ ಹಾಗೆಯೇ. ಮೂತ್ರಪಿಂಡ ಉಬ್ಬುತ್ತದೆ, ದಿನ ಕಳೆದಂತೆ ಕೆಡುತ್ತದೆ. ವಯಸ್ಸಾದವರಲ್ಲಿ ಹರಳಷ್ಟೇ ಇದಕ್ಕೆ ಕಾರಣವಲ್ಲ. ಗರ್ಭಕೊರಳು, ಪ್ರಾಸ್ಟೇಟ್, ಕರುಳಿನ ಕ್ಯಾನ್ಸರ್ ಗಡ್ಡೆಗಳೂ ನಾಳವನ್ನು ಹೊರಗಿನಿಂದ ಅದುಮಬಹುದು. ಕೆಲವೊಮ್ಮೆ ನೋವೇ ಇರುವುದಿಲ್ಲ. ರಕ್ತಪರೀಕ್ಷೆಯಲ್ಲಿ ಕ್ರಿಯಾಟಿನಿನ್ ಏರಿದಾಗಲೇ ವಿಷಯ ತಿಳಿಯುತ್ತದೆ.

ಈ ಸಣ್ಣ ನಾಳವನ್ನು ಹೊಟ್ಟೆ ಕೊಯ್ಯದೆ ತಲುಪುವುದು ಹೇಗೆ? ಮೊದಲ ದಾರಿ ತೋರಿದವನು ಜರ್ಮನಿಯ ಮ್ಯಾಕ್ಸ್ ನಿಟ್ಸೆ. ಮೂತ್ರಕೋಶದ ಒಳಗನ್ನು ಬೆಳಕಿನಲ್ಲಿ ನೋಡುವ ಸಿಸ್ಟೋಸ್ಕೋಪನ್ನು ಆತ 1877ರಲ್ಲಿ ತೋರಿಸಿದ. ಕ್ಯೂಬಾದಲ್ಲಿ ಹುಟ್ಟಿ ಪ್ಯಾರಿಸ್‌ನಲ್ಲಿ ದುಡಿದ ಹೋಕಿನ್ ಅಲ್ಬರಾನ್ 1897ರಲ್ಲಿ ಅದಕ್ಕೊಂದು ಪುಟ್ಟ ಸನ್ನೆಗೋಲು ಸೇರಿಸಿದ. ಅದರಿಂದ ನಳಿಕೆಯ ತುದಿಯನ್ನು ಬಾಗಿಸಿ ನಾಳದ ಬಾಯಿಗೆ ತೂರಿಸುವುದು ಸುಲಭವಾಯಿತು.

ನಳಿಕೆಯನ್ನು ಬಹುಕಾಲ ಒಳಗೇ ಬಿಡುವ ಪ್ರಯತ್ನ ಫಲಿಸಿದ್ದು ಸಿಲಿಕೋನ್ ಬಂದ ಮೇಲೆ. ಅಮೆರಿಕದ ಪಾಲ್ ಜಿಮ್‌ಸ್ಕಿಂಡ್ ಮತ್ತು ಸಂಗಡಿಗರು 1967ರಲ್ಲಿ ಸಿಲಿಕೋನ್ ನಳಿಕೆಯ ಅನುಭವ ಪ್ರಕಟಿಸಿದರು. ಆದರೆ ನೇರವಾದ ಆ ನಳಿಕೆ ಇಟ್ಟ ಜಾಗದಲ್ಲಿ ನಿಲ್ಲದೆ ಜಾರುತ್ತಿತ್ತು. ರಾಬರ್ಟ್ ಗಿಬ್ಬನ್ಸ್ ಅದಕ್ಕೆ ಮುಳ್ಳುಗಳಂಥ ಚಾಚುಗಳನ್ನು ಕೊಟ್ಟರು. ಜಾರುವುದು ಕಡಿಮೆಯಾಯಿತು, ಆದರೆ ಗಾತ್ರ ಹೆಚ್ಚಿ ತೂರಿಸುವುದು ಕಷ್ಟವಾಯಿತು. 1978ರಲ್ಲಿ ರಾಯ್ ಫಿನ್ನಿ ಎರಡೂ ತುದಿ 'ಜೆ' ಅಕ್ಷರದಂತೆ ಬಾಗಿದ ನಳಿಕೆಯನ್ನು ಮುಂದಿಟ್ಟರು. ತಂತಿಯ ಮೇಲೆ ನೆಟ್ಟಗೆ ಒಳಹೋಗುವ ಇದು, ತಂತಿ ಎಳೆದೊಡನೆ ಮೇಲೆ ಮೂತ್ರಪಿಂಡದಲ್ಲೂ ಕೆಳಗೆ ಮೂತ್ರಕೋಶದಲ್ಲೂ ಕೊಕ್ಕೆಯಾಗಿ ಸುರುಳಿಕೊಳ್ಳುತ್ತದೆ. ಡಬಲ್ ಜೆ, ಅಂದರೆ ಡಿ.ಜೆ. ಎಂಬ ಹೆಸರು ಬಂದದ್ದು ಹೀಗೆ. 'ಸ್ಟೆಂಟ್' ಎಂಬ ಮಾತಿನ ಮೂಲವನ್ನು ಸಾಮಾನ್ಯವಾಗಿ 19ನೇ ಶತಮಾನದ ಇಂಗ್ಲಿಷ್ ದಂತವೈದ್ಯ ಚಾರ್ಲ್ಸ್ ಸ್ಟೆಂಟ್‌ನಲ್ಲಿ ಗುರುತಿಸುತ್ತಾರೆ. ಹಲ್ಲಿನ ಅಚ್ಚು ತೆಗೆಯಲು ಆತ ಸುಧಾರಿಸಿದ ಮೇಣದಂಥ ವಸ್ತು ಮುಂದೆ ಶಸ್ತ್ರವೈದ್ಯರ ಕೈಗೂ ಬಂತು.

ನಮ್ಮ ಭಾಗದಲ್ಲಿ ಹುಬ್ಬಳ್ಳಿಯ ಸರ್ಕಾರಿ ವೈದ್ಯಕೀಯ ಕಾಲೇಜು 1957ರಲ್ಲಿ, ಬೆಳಗಾವಿಯ ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜು 1963ರಲ್ಲಿ ಆರಂಭವಾದವು. ದೊಡ್ಡ ಶಸ್ತ್ರಚಿಕಿತ್ಸೆ ತಾಳಲಾರದ ಮುದಿ ದೇಹಕ್ಕೆ ಈ ನಳಿಕೆ ವರವೇ ಸರಿ. ನಳಿಕೆ ಮೇಲೇರದಿದ್ದರೆ ಬೆನ್ನಿನ ಕಡೆಯಿಂದ ಮೂತ್ರಪಿಂಡಕ್ಕೇ ಕೊಳವೆ ಹಾಕಿ ಮೂತ್ರ ಹೊರತೆಗೆಯುವ ದಾರಿಯೂ ಉಂಟು.

ಆದರೆ ಸ್ಟೆಂಟ್ ಕಾಯಂ ಅಲ್ಲ. ಹರಳಿಗಾಗಿ ಹಾಕಿದ್ದನ್ನು ಸಾಮಾನ್ಯವಾಗಿ ಕೆಲವು ವಾರಗಳಲ್ಲಿ ತೆಗೆಯುತ್ತಾರೆ. ಗಡ್ಡೆಯ ಒತ್ತಡವಿದ್ದು ಬಹುಕಾಲ ಬೇಕಾದರೆ, ಬಳಕೆಯಲ್ಲಿರುವ ಹೆಚ್ಚಿನ ನಳಿಕೆಗಳನ್ನು ಮೂರರಿಂದ ಆರು ತಿಂಗಳಿಗೊಮ್ಮೆ ಬದಲಿಸಬೇಕು. ಒಳಗೇ ಉಳಿದರೆ ಮೂತ್ರದ ಲವಣ ಅದರ ಮೇಲೆ ಕಲ್ಲಿನಂತೆ ಕಟ್ಟುತ್ತದೆ. ಸೋಂಕು ತಗಲುತ್ತದೆ, ನಳಿಕೆ ತುಂಡಾಗಲೂಬಹುದು. ಉಳಿಸಲು ಹಾಕಿದ ಮೂತ್ರಪಿಂಡವನ್ನೇ ಕಳೆದುಕೊಳ್ಳುವ ಪ್ರಸಂಗವೂ ಬರುತ್ತದೆ. ಆಗಾಗ ಮೂತ್ರಕ್ಕೆ ಅವಸರ, ತುಸು ಕೆಂಪು ಬಣ್ಣ ಸ್ಟೆಂಟ್ ಇದ್ದವರಲ್ಲಿ ಸಾಮಾನ್ಯ. ಚಳಿಜ್ವರ ಬಂದರೆ, ಮೂತ್ರ ನಿಂತರೆ ಮಾತ್ರ ತಡಮಾಡದೆ ಆಸ್ಪತ್ರೆಗೆ ಹೋಗಬೇಕು.

ನೋವು ಹೋದ ಮೇಲೆ ಹಿರಿಯರು ಮತ್ತೆ ಪೇಟೆಯ ಆಸ್ಪತ್ರೆಗೆ ಹೊರಡಲು ಒಲ್ಲೆನ್ನುವುದು ಸಹಜ. ಸುಗ್ಗಿಯ ಕೆಲಸ, ಖರ್ಚು, ಜೊತೆಗೆ ಬರುವವರಿಲ್ಲದ ತೊಂದರೆ, ಹೀಗೆ ಕಾರಣಗಳಿಗೆ ಕೊರತೆಯಿಲ್ಲ. ನಳಿಕೆಯನ್ನು ಜಾರದಂತೆ ನಿಲ್ಲಿಸಲು ವೈದ್ಯರು ವರ್ಷಗಟ್ಟಲೆ ತಲೆಕೆಡಿಸಿಕೊಂಡರು. ಅದನ್ನು ಹೊತ್ತಿಗೆ ಸರಿಯಾಗಿ ತೆಗೆಸುವ ಕೆಲಸ ಮನೆಯವರಿಗೂ ಸೇರಿದ್ದು. ಹಾಕಿದ ದಿನ, ತೆಗೆಸಬೇಕಾದ ದಿನ ಎರಡನ್ನೂ ಚೀಟಿಯಲ್ಲಿ ಕೇಳಿ ಬರೆಸಿಕೊಂಡು, ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿಟ್ಟರೆ ಮನೆಯ ಹಿರಿಯರ ಕಿಡ್ನಿ ಉಳಿದೀತು.