ಪಂಚಾಯಿತಿಯ ಪ್ರಾಜೆಕ್ಟ್ ಮ್ಯಾನೇಜರ್: ಪಿಡಿಒ ಹುದ್ದೆಗೆ ಪದವೀಧರರ ತಯಾರಿ

ಹುದ್ದೆ

ಹರಪನಹಳ್ಳಿ ತಾಲ್ಲೂಕಿನ ಬಾಗಳಿಯಂಥ ಊರಲ್ಲಿ ಪದವಿ ಮುಗಿಸಿದವರಿಗೆ ಪ್ರಾಜೆಕ್ಟ್ ಮ್ಯಾನೇಜರ್ ಎಂದೊಡನೆ ಬೆಂಗಳೂರಿನ ಐಟಿ ಕಂಪನಿ ನೆನಪಾಗುತ್ತದೆ. ಅದೇ ಕೆಲಸವನ್ನು ಗ್ರಾಮ ಪಂಚಾಯಿತಿಯಲ್ಲಿ ಮಾಡುವವರು ಪಂಚಾಯಿತಿ ಅಭಿವೃದ್ಧಿ ಅಧಿಕಾರಿ, ಅಂದರೆ ಪಿಡಿಒ. ಚರಂಡಿ, ಕುಡಿಯುವ ನೀರು, ಕೆರೆ ಹೂಳು, ಶಾಲೆಯ ಕಾಂಪೌಂಡ್ ಎಲ್ಲದಕ್ಕೂ ಹಣ, ಜನ, ಕಾಲ ಮೂರನ್ನೂ ಹೊಂದಿಸುವ ಹೊಣೆ ಅವರ ಮೇಲಿದೆ.

ಗ್ರಾಮಸಭೆಯಿಂದ ಬಿಲ್‌ವರೆಗೆ

ಗ್ರಾಮಸಭೆಯ ಬೇಡಿಕೆ ಕ್ರಿಯಾ ಯೋಜನೆಗೆ ಸೇರಬೇಕು, ಎಂಜಿನಿಯರ್ ಅಂದಾಜು ಪಟ್ಟಿ ತಯಾರಿಸಬೇಕು, ಮಂಜೂರಾತಿ ಸಿಗಬೇಕು. ಆಮೇಲೆ ಕೆಲಸ, ಅಳತೆ ಪುಸ್ತಕ, ಬಿಲ್. 2005ರ ಉದ್ಯೋಗ ಖಾತರಿ ಕಾಯ್ದೆಯಡಿ ಕೂಲಿಗೂ ಸಾಮಗ್ರಿಗೂ 60:40ರ ಅನುಪಾತ ಕಾಯಬೇಕಿತ್ತು. ಕೆಲಸದ ಮುಂಚೆ, ನಡುವೆ, ಮುಗಿದ ಮೇಲೆ ಜಿಯೋ ಟ್ಯಾಗ್ ಫೋಟೊ ಹಾಕಬೇಕಿತ್ತು. ಇದರಲ್ಲಿ ಒಂದು ಹಂತ ತಪ್ಪಿದರೂ ಕೂಲಿಕಾರರ ದುಡ್ಡು ತಡವಾಗುತ್ತದೆ. ಹೊಸಬರು ಮೊದಲು ಅರಿಯಬೇಕಾದದ್ದು ಇದನ್ನೇ.

ಬಾಗಳಿಯಲ್ಲಿ ಇನ್ನೊಂದು ಎಚ್ಚರವೂ ಬೇಕು. ಇಲ್ಲಿನ ಕಲ್ಲೇಶ್ವರ ದೇವಾಲಯ 10ನೇ ಶತಮಾನದ್ದು, ಕೇಂದ್ರ ಪುರಾತತ್ವ ಇಲಾಖೆಯ ಸಂರಕ್ಷಿತ ಸ್ಮಾರಕ. 2010ರ ತಿದ್ದುಪಡಿ ಕಾಯ್ದೆಯಂತೆ ಇಂಥ ಸ್ಮಾರಕದ ಗಡಿಯಿಂದ 100 ಮೀಟರ್‌ವರೆಗೆ ಹೊಸ ಕಟ್ಟಡ ಕೆಲಸ ನಿಷಿದ್ಧ. ಅದರಾಚೆಯ 200 ಮೀಟರ್‌ನಲ್ಲಿ ಅನುಮತಿ ಕಡ್ಡಾಯ. ಗುಡಿಯ ಹತ್ತಿರದ ಸಮುದಾಯ ಭವನವೊಂದು ಕ್ರಿಯಾ ಯೋಜನೆಗೆ ಸೇರಿದರೆ, ಅನುದಾನಕ್ಕಿಂತ ಮೊದಲು ಜಾಗದ ದೂರ ಅಳೆಯಬೇಕು.

ಪರೀಕ್ಷೆ ಮತ್ತು ತರಬೇತಿ

ಯಾವುದೇ ಪದವಿ ಪಡೆದವರೂ ಅರ್ಜಿ ಹಾಕಬಹುದು. 2024ರಲ್ಲಿ ಕೆಪಿಎಸ್‌ಸಿ ಕರೆದ 247 ಹುದ್ದೆಗಳಲ್ಲಿ 97 ಕಲ್ಯಾಣ ಕರ್ನಾಟಕಕ್ಕೆ ಸೇರಿದ್ದವು. ಪಂಚಾಯಿತಿ ಅಧಿಕಾರಿ ಸಿಬ್ಬಂದಿಗೆ ಮೈಸೂರಿನ ಅಬ್ದುಲ್ ನಜೀರ್ ಸಾಬ್ ರಾಜ್ಯ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಸಂಸ್ಥೆ ತರಬೇತಿ ಕೊಡುತ್ತದೆ.

ಕೋಚಿಂಗ್ ಕೇಂದ್ರಗಳು 1993ರ ಪಂಚಾಯತ್ ರಾಜ್ ಕಾಯ್ದೆಯ ಪ್ರಕರಣಗಳನ್ನು ಬಾಯಿಪಾಠ ಮಾಡಿಸುತ್ತವೆ. ಅದು ಬೇಕು, ಆದರೆ ಸಾಲದು ಎಂಬುದು ನನ್ನ ದೃಢ ಅಭಿಪ್ರಾಯ. ನೇಮಕಾತಿ ಆದೇಶ ಬರುವವರೆಗೆ ಕಾಯುವ ಅಗತ್ಯವೂ ಇಲ್ಲ. ನಿಮ್ಮೂರಿನ ಗ್ರಾಮಸಭೆಗೆ ಹೋಗಿ ಕೂತು, ನಡಾವಳಿ ಓದಿ. ಮುಗಿದ ಒಂದು ಚರಂಡಿಯ ಅಂದಾಜು ಪಟ್ಟಿಯನ್ನೂ ಅಳತೆ ಪುಸ್ತಕದ ಪ್ರತಿಯನ್ನೂ ಮಾಹಿತಿ ಹಕ್ಕಿನಡಿ ಕೇಳಿ ಪಡೆದು, ಟೇಪು ಹಿಡಿದು ಸ್ಥಳದಲ್ಲೇ ತಾಳೆ ನೋಡಿ. ಉದ್ದ, ಅಗಲ, ಆಳ ಪುಸ್ತಕದಲ್ಲಿ ಬರೆದಷ್ಟೇ ಇವೆಯೇ, ನೀರು ಸರಾಗವಾಗಿ ಹರಿಯುತ್ತಿದೆಯೇ ಎಂದು ಗುರುತು ಮಾಡಿಕೊಳ್ಳಿ.