ನಿವೇಶನದೊಳಗಿನ ಜೌಗು: ಗಡಿ ಗುರುತಿಸುವುದು ಹೇಗೆ?

ಕೆರೆಯ ದಂಡೆ ಎಲ್ಲರ ಕಣ್ಣಿಗೂ ಕಾಣುತ್ತದೆ. ಜೌಗುನೆಲದ ಅಂಚು ಹಾಗೆ ಕಾಣುವುದಿಲ್ಲ. ಮಳೆಗಾಲದಲ್ಲಿ ಕಾಲು ಹೂತುಹೋಗುವ ಜಾಗ ಬೇಸಿಗೆಯಲ್ಲಿ ಗಟ್ಟಿಯಾಗಿ, ಮನೆ ಕಟ್ಟಲು ಹೇಳಿ ಮಾಡಿಸಿದ ನಿವೇಶನದಂತೆ ತೋರುತ್ತದೆ. ಅಲ್ಲಿ ಜೌಗು ಎಲ್ಲಿಗೆ ಮುಗಿಯಿತು, ಒಣನೆಲ ಎಲ್ಲಿಂದ ಆರಂಭವಾಯಿತು ಎಂಬುದನ್ನು ಹೇಳುವವರು ಯಾರು? ಈ ಪ್ರಶ್ನೆಯ ಹಿಂದೆ ಅಮೆರಿಕ ಅರ್ಧ ಶತಮಾನ ಕಳೆದಿದೆ.

ಹತ್ತೊಂಬತ್ತನೇ ಶತಮಾನದಲ್ಲಿ ಆ ದೇಶಕ್ಕೆ ಜೌಗು ಎಂದರೆ ಪಾಳುಭೂಮಿ. 1849, 1850 ಮತ್ತು 1860ರ ಕಾಯ್ದೆಗಳ ಮೂಲಕ ಅಲ್ಲಿನ ಕೇಂದ್ರ ಸರ್ಕಾರ ಇಂಥ ನೆಲವನ್ನು ರಾಜ್ಯಗಳಿಗೆ ಬಿಟ್ಟುಕೊಟ್ಟಿತು. ನೀರು ಬಸಿದು ಸಾಗುವಳಿಗೆ ತರಲಿ ಎಂಬುದೇ ಉದ್ದೇಶ. ಅಲಾಸ್ಕ, ಹವಾಯಿ ಬಿಟ್ಟು ಉಳಿದ 48 ರಾಜ್ಯಗಳ ಪ್ರದೇಶದಲ್ಲಿ 1780ರ ದಶಕದಲ್ಲಿ ಸುಮಾರು 22 ಕೋಟಿ ಎಕರೆಯಷ್ಟಿದ್ದ ಜೌಗು 1980ರ ದಶಕದ ಹೊತ್ತಿಗೆ ಸುಮಾರು 10 ಕೋಟಿ ಎಕರೆಗೆ ಇಳಿಯಿತು. ನೆರೆಯ ನೀರನ್ನು ಹೀರಿಕೊಂಡು ನಿಧಾನವಾಗಿ ಬಿಡುವ, ಹರಿದು ಬಂದ ಕೊಳೆಯನ್ನು ಸೋಸುವ ನೆಲ ಅದಾಗಿತ್ತು ಎಂಬ ಅರಿವು ಮೂಡುವಷ್ಟರಲ್ಲಿ ಅರ್ಧಕ್ಕಿಂತ ಹೆಚ್ಚು ಭಾಗ ಕಳೆದುಹೋಗಿತ್ತು.

1972ರ ಶುದ್ಧ ಜಲ ಕಾಯ್ದೆ ಈ ದಿಕ್ಕನ್ನು ಬದಲಿಸಿತು. ಅದರ 404ನೇ ಕಲಮಿನ ಪ್ರಕಾರ ಕಾಯ್ದೆಯ ವ್ಯಾಪ್ತಿಗೆ ಬರುವ ನೀರಿಗೆ ಮಣ್ಣು ತುಂಬಬೇಕಾದರೆ ಸೇನೆಯ ಎಂಜಿನಿಯರುಗಳ ದಳದಿಂದ ಅನುಮತಿ ಪಡೆಯಬೇಕು. ಜೌಗನ್ನೂ 'ನೀರು' ಎನ್ನಬಹುದೇ? ಮಿಷಿಗನ್ ರಾಜ್ಯದಲ್ಲಿ ಸೇಂಟ್ ಕ್ಲೇರ್ ಸರೋವರದ ಬಳಿ 80 ಎಕರೆ ಜೌಗಿನಲ್ಲಿ ವಸತಿ ಬಡಾವಣೆ ಕಟ್ಟಹೊರಟ ಸಂಸ್ಥೆಯೊಂದರ ಪ್ರಕರಣದಲ್ಲಿ, ನದಿ ಸರೋವರಗಳಿಗೆ ಹೊಂದಿಕೊಂಡ ಜೌಗಿಗೂ ಕಾಯ್ದೆ ಅನ್ವಯಿಸುತ್ತದೆ ಎಂಬ ದಳದ ನಿಲುವನ್ನು ಸುಪ್ರೀಂ ಕೋರ್ಟ್ 1985ರಲ್ಲಿ ಒಮ್ಮತದಿಂದ ಎತ್ತಿಹಿಡಿಯಿತು.

ಇನ್ನು ಗಡಿ ಗುರುತಿಸುವ ಕೆಲಸ. ಅದಕ್ಕಾಗಿ ದಳ 1987ರಲ್ಲಿ ಒಂದು ಕೈಪಿಡಿ ತಂದಿತು. ಅದು ಮೂರು ಸಾಕ್ಷಿಗಳನ್ನು ಕೇಳುತ್ತದೆ. ಮೊದಲನೆಯದು ಗಿಡ: ನೀರು ನಿಂತ ನೆಲಕ್ಕೆ ಒಗ್ಗಿದ ಸಸ್ಯಗಳೇ ಅಲ್ಲಿ ಹೆಚ್ಚಾಗಿರಬೇಕು. ಎರಡನೆಯದು ನೀರು: ಗಿಡಗಳು ಬೆಳೆಯುವ ಕಾಲದಲ್ಲಿ ಕೆಲವು ದಿನವಾದರೂ ಒಂದೇ ಸಮನೆ ನೀರು ನೆಲದ ಮೇಲೆ ಅಥವಾ ಒಂದಡಿಯೊಳಗೆ ನಿಂತಿರಬೇಕು. ಮೂರನೆಯದು ಮಣ್ಣು. ನೀರು ತುಂಬಿದ ಮಣ್ಣಿಗೆ ಗಾಳಿ ಸಿಗದೆ ಅದರೊಳಗಿನ ಕಬ್ಬಿಣ ಕರಗಿ ಹೋಗುತ್ತದೆ. ಆಗ ಕೆಂಪು ಬಣ್ಣ ಅಳಿದು ಬೂದು ಬಣ್ಣ ಉಳಿಯುತ್ತದೆ. ಬೇರಿನ ಸುತ್ತ ಗಾಳಿ ಆಡಿದ ಕಡೆ ಮಾತ್ರ ತುಕ್ಕಿನ ಚುಕ್ಕೆಗಳು ಕಾಣುತ್ತವೆ. ಭತ್ತದ ಗದ್ದೆ ಅಗೆದವರಿಗೆ ಇದು ಹೊಸತೇನಲ್ಲ. ತಜ್ಞರು ನಿವೇಶನದ ಅಲ್ಲಲ್ಲಿ ಗುಂಡಿ ತೋಡಿ, ಮಣ್ಣಿನ ಹೆಂಟೆಯನ್ನು ಮನ್ಸೆಲ್ ಬಣ್ಣದ ಪುಸ್ತಕದ ಪಕ್ಕ ಹಿಡಿದು ನೋಡುತ್ತಾರೆ. ಮೂರೂ ಸಾಕ್ಷಿ ಸಿಕ್ಕ ಗುಂಡಿಗೂ ಸಿಗದ ಗುಂಡಿಗೂ ನಡುವೆ ಬಾವುಟ ನೆಟ್ಟು, ಆ ಬಾವುಟಗಳ ಸಾಲನ್ನು ಅಳೆದು ನಕ್ಷೆಗೆ ಇಳಿಸುತ್ತಾರೆ. ಬೇಸಿಗೆಯಲ್ಲಿ ನೀರು ಮಾಯವಾದರೂ ಮಣ್ಣಿನ ಬಣ್ಣ ಉಳಿದಿರುತ್ತದೆ ಎಂಬುದೇ ಈ ವಿಧಾನದ ಬಲ.

ಗೆರೆ ಕೆಲವು ಮಾರು ಸರಿದರೂ ನಿವೇಶನದ ಬೆಲೆ ಏರುಪೇರಾಗುತ್ತದೆ. ಹಾಗಾಗಿ ವಿವಾದ ತಪ್ಪಲಿಲ್ಲ. 1989ರಲ್ಲಿ ನಾಲ್ಕು ಸರ್ಕಾರಿ ಸಂಸ್ಥೆಗಳು ಸೇರಿ ತಂದ ಹೊಸ ಕೈಪಿಡಿ ಜೌಗಿನ ವ್ಯಾಪ್ತಿಯನ್ನು ಹಿಗ್ಗಿಸಿತೆಂದು ರೈತರೂ ಮನೆ ಕಟ್ಟುವವರೂ ಸಿಡಿದೆದ್ದರು. ಕೊನೆಗೆ ದಳ 1987ರ ಕೈಪಿಡಿಗೇ ಮರಳಬೇಕಾಯಿತು.

ಮುಂದಿನ ದೊಡ್ಡ ಹೋರಾಟ ನಡೆದದ್ದು ಎಕರೆಗಿಂತ ಚಿಕ್ಕ ನಿವೇಶನಕ್ಕಾಗಿ. ಐಡಹೊ ರಾಜ್ಯದ ಪ್ರೀಸ್ಟ್ ಸರೋವರದಿಂದ ಸುಮಾರು 300 ಅಡಿ ದೂರದಲ್ಲಿ ದಂಪತಿಯೊಬ್ಬರು 2004ರಲ್ಲಿ ಜಾಗ ಕೊಂಡು, 2007ರಲ್ಲಿ ಜಲ್ಲಿ ಮರಳು ತುಂಬಿಸಲಾರಂಭಿಸಿದರು. ಅದು ಜೌಗು, ತುಂಬಿದ್ದನ್ನು ತೆಗೆದು ಮೊದಲಿನಂತೆ ಮಾಡಿ ಎಂದು ಪರಿಸರ ಸಂರಕ್ಷಣಾ ಸಂಸ್ಥೆ ಆದೇಶಿಸಿತು. ತಪ್ಪಿದರೆ ದಿನಕ್ಕೆ ಹತ್ತಾರು ಸಾವಿರ ಡಾಲರ್ ದಂಡ. ಆದೇಶವನ್ನು ಪ್ರಶ್ನಿಸುವ ಹಕ್ಕಿಗಾಗಿಯೇ ದಂಪತಿ 2012ರವರೆಗೆ ಸುಪ್ರೀಂ ಕೋರ್ಟಿನ ತನಕ ಹೋಗಬೇಕಾಯಿತು.

2023ರ ಮೇ 25ರಂದು ಅಂತಿಮ ತೀರ್ಪು ಬಂತು. ಆ ನಿವೇಶನ ಕಾಯ್ದೆಯ ವ್ಯಾಪ್ತಿಯಲ್ಲಿಲ್ಲ ಎಂಬುದರಲ್ಲಿ ಒಂಬತ್ತೂ ನ್ಯಾಯಮೂರ್ತಿಗಳಿಗೆ ಒಮ್ಮತವಿತ್ತು. ಅಳತೆಗೋಲಿನ ವಿಷಯದಲ್ಲಿ ಮಾತ್ರ ಐವರು ಒಂದು ಕಡೆ, ನಾಲ್ವರು ಇನ್ನೊಂದು ಕಡೆ. ನದಿ ಸರೋವರಗಳೊಂದಿಗೆ ಮೇಲ್ಮೈಯಲ್ಲೇ ಎಡೆಬಿಡದ ಸಂಪರ್ಕವಿರುವ ಜೌಗಿಗೆ ಮಾತ್ರ ಕಾಯ್ದೆಯ ರಕ್ಷಣೆ ಎಂದು ಬಹುಮತ ಹೇಳಿತು. ನಡುವೆ ಏರಿಯೋ ದಿಬ್ಬವೋ ಇದ್ದ ಮಾತ್ರಕ್ಕೆ ಜೌಗು ಹೊರಗುಳಿಯಬಾರದು ಎಂಬುದು ಉಳಿದವರ ವಾದ.

ಬಾವುಟ ನೆಡುವ ಕ್ರಮ ಇದರಿಂದ ಬದಲಾಗಲಿಲ್ಲ. ಬಾವುಟದ ಒಳಗಿನ ನೆಲವನ್ನು ಕಾನೂನು ಕಾಯುತ್ತದೆಯೇ ಎಂಬುದು ಬದಲಾಯಿತು. ಮಿಷಿಗನ್‌ನಂತೆ 1979ರಿಂದಲೇ ತನ್ನದೇ ಜೌಗು ಕಾಯ್ದೆ ಹೊಂದಿರುವ ರಾಜ್ಯದಲ್ಲಿ ಆ ನೆಲಕ್ಕೆ ಇನ್ನೊಂದು ಆಸರೆ ಇದೆ. ಅಂಥ ಕಾಯ್ದೆ ಇಲ್ಲದ ಕಡೆ ಮಾಲೀಕ ನಿರಾತಂಕವಾಗಿ ಮಣ್ಣು ತುಂಬಬಹುದು. ಆದರೆ ಆ ನೆಲ ಹೀರುತ್ತಿದ್ದ ಮಳೆನೀರು ಬೇರೆ ದಾರಿ ಹಿಡಿಯಲೇಬೇಕು. ಆಗ ಅದು ಮೊದಲು ನುಗ್ಗುವುದು ಇಳಿಜಾರಿನಲ್ಲಿರುವ ನೆರೆಮನೆಯ ಅಂಗಳಕ್ಕೆ.